ಉದ್ದನೆಯ ಇಳಿಜಾರಿನಲ್ಲಿ ಡಿಸ್ಕ್ ಬ್ರೇಕ್: ಹಿಂದಿನ ಲಿವರ್ ಮೆತ್ತಗೆ, ಮುಂದಿನದು ಗಟ್ಟಿ, ಎರಡರಲ್ಲೂ ಹಿಡಿತ ಕಡಿಮೆ

ಪ್ರಶ್ನೆ

ನಮಸ್ಕಾರ. ನನ್ನ ಮೌಂಟನ್ ಬೈಕಿನಲ್ಲಿ ಎರಡು ಪಿಸ್ಟನ್‌ಗಳ ಹೈಡ್ರಾಲಿಕ್ ಡಿಸ್ಕ್ ಬ್ರೇಕುಗಳಿವೆ. ಮುಂದಿನ ರೋಟರ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) 180 ಮಿ.ಮೀ., ಹಿಂದಿನದು 160 ಮಿ.ಮೀ.; ಎರಡಕ್ಕೂ ರೋಟರಿಗೆ ಉಜ್ಜಿ ತಡೆಯುವ ರೆಸಿನ್ (ರಾಳದಿಂದ ಬೆಸೆದ) ಪ್ಯಾಡ್, ಒಳಗಿರುವುದು ಡಾಟ್ 5.1 ಎಂಬ ದರ್ಜೆಯ ಬ್ರೇಕ್ ದ್ರವ. ಸಾಧಾರಣ ಹಾದಿಯಲ್ಲಿ ಒಂದೇ ಬೆರಳಿಗೆ ಬೈಕು ನಿಲ್ಲುತ್ತದೆ. ಆದರೆ ಕಡಿದಾದ ಇಳಿಜಾರಿನಲ್ಲಿ ಬಹಳ ದೂರ ಇಳಿದಾಗ ಹಿಂದಿನ ಲಿವರ್ ಮೆತ್ತಗಾಗಿ ಹ್ಯಾಂಡಲ್‌ಬಾರಿನ ಹತ್ತಿರದವರೆಗೂ ಬಂದುಬಿಡುತ್ತದೆ. ಪಂಪ್ ಮಾಡಿದರೆ ಸ್ವಲ್ಪ ಹೊತ್ತು ಗಟ್ಟಿಯಾಗುತ್ತದೆ. ಮುಂದಿನ ಲಿವರ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಷ್ಟು ಒತ್ತಿದರೂ ವೇಗ ತಗ್ಗುವುದಿಲ್ಲ, ಸುಟ್ಟ ವಾಸನೆಯೂ ಬರುತ್ತದೆ. ನಾಲ್ಕು ಪಿಸ್ಟನ್‌ಗಳ ಕ್ಯಾಲಿಪರ್ (ಪ್ಯಾಡನ್ನು ರೋಟರಿಗೆ ಒತ್ತುವ ಭಾಗ) ಹಾಕಿಸಿದರೆ ಎರಡೂ ಸರಿಹೋಗುತ್ತವೆ ಎಂದು ಕೆಲವರು ಹೇಳುತ್ತಾರೆ. ನನಗೆ ಬೇಕಿರುವುದು ಬರಿಯ ಬಲವಲ್ಲ. ಬೆರಳು ಎಷ್ಟು ಒತ್ತುತ್ತದೋ ಅಷ್ಟೇ ಬ್ರೇಕ್ ಹಿಡಿಯಬೇಕು. ಎಲ್ಲಿಂದ ಆರಂಭಿಸಲಿ?

ಉತ್ತರ 1

ಕ್ಯಾಲಿಪರ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ವಿವರಿಸಿರುವುದು ಒಂದೇ ತೊಂದರೆಯ ಎರಡು ರೂಪಗಳಲ್ಲ, ಎರಡು ಬೇರೆ ಬೇರೆ ತೊಂದರೆಗಳು. ಅವುಗಳನ್ನು ಬೇರ್ಪಡಿಸುವುದು ಲಿವರಿನ ಗಟ್ಟಿತನವೇ. ಲಿವರ್ ಗಟ್ಟಿಯಾಗಿದ್ದೂ ಬೈಕು ನಿಲ್ಲದಿದ್ದರೆ ಒತ್ತಡ ಪ್ಯಾಡಿನವರೆಗೆ ಸರಿಯಾಗಿಯೇ ತಲುಪುತ್ತಿದೆ, ಪ್ಯಾಡ್ ಮತ್ತು ರೋಟರಿನ ನಡುವಿನ ಘರ್ಷಣೆ ಮಾತ್ರ ಕುಸಿದಿದೆ ಎಂದರ್ಥ. ಲಿವರೇ ಮೆತ್ತಗಾದರೆ ಒತ್ತಡ ದಾರಿಯಲ್ಲಿಯೇ ಎಲ್ಲೋ ಕಳೆದುಹೋಗುತ್ತಿದೆ.

ದ್ರವವನ್ನು ಅಮುಕಿ ಕುಗ್ಗಿಸಲು ಬಹುಮಟ್ಟಿಗೆ ಸಾಧ್ಯವಿಲ್ಲ, ಗಾಳಿಯನ್ನೂ ಆವಿಯನ್ನೂ ಸುಲಭವಾಗಿ ಕುಗ್ಗಿಸಬಹುದು. ಡಾಟ್ 5.1 ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 260 ಡಿಗ್ರಿ ಸೆಲ್ಸಿಯಸ್ ಇರಬೇಕು. ಆದರೆ ಈ ದ್ರವಕ್ಕೆ ತೇವ ಹೀರುವ ಗುಣವಿದೆ, ಹಾಗೆ ತೇವ ಸೇರಿದ ಸ್ಥಿತಿಗೆ ನಿಗದಿಯಾಗಿರುವ ಕನಿಷ್ಠ ಮಿತಿ 180 ಡಿಗ್ರಿ ಮಾತ್ರ. ಚಿಕ್ಕ ರೋಟರನ್ನು ಬಿಡದೆ ಒತ್ತಿ ಹಿಡಿದು ಇಳಿಯುತ್ತಿದ್ದರೆ ಬಿಸಿಯೆಲ್ಲ ಕ್ಯಾಲಿಪರಿಗೆ ಹರಿದು, ಹಳೆಯ ದ್ರವ ಅಲ್ಲಿಯೇ ಕುದಿಯಲಾರಂಭಿಸುತ್ತದೆ. ಪಂಪ್ ಮಾಡಿದಾಗ ಲಿವರಿನ ಬಳಿಯ ರಿಸರ್ವಾಯರಿನಿಂದ (ದ್ರವದ ಪುಟ್ಟ ತೊಟ್ಟಿ) ಇನ್ನಷ್ಟು ದ್ರವ ಕೆಳಗಿಳಿದು ಆವಿ ಕುಗ್ಗಿದಾಗ ಉಂಟಾದ ಜಾಗವನ್ನು ತಾತ್ಕಾಲಿಕವಾಗಿ ತುಂಬುತ್ತದೆ. ಅದರಿಂದ ಗಟ್ಟಿಯಾದ ಲಿವರನ್ನು ನಂಬಿ ಮತ್ತೆ ವೇಗ ಹೆಚ್ಚಿಸಬೇಡಿ, ಅಲ್ಲಿಯೇ ನಿಲ್ಲಿಸಿ ತಣಿಯಲು ಬಿಡಿ.

ಮೊದಲೇ ಗಾಳಿ ಸೇರಿದೆಯೇ ಎಂಬುದನ್ನು ಬೈಕು ತಣ್ಣಗಿರುವಾಗ ನೋಡಬಹುದು. ಬೈಕನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ ಸ್ವಲ್ಪ ಹೊತ್ತಿನ ನಂತರ ಲಿವರ್ ಒತ್ತಿ, ಆಮೇಲೆ ತಲೆಕೆಳಗೆ ಮಾಡಿ ಒತ್ತಿ. ನಿಲ್ಲಿಸುವ ಭಂಗಿ ಬದಲಾದಂತೆ ಲಿವರಿನ ಗುಣವೂ ಬದಲಾದರೆ ಒಳಗೆ ಗುಳ್ಳೆ ಓಡಾಡುತ್ತಿದೆ. ಲಿವರನ್ನು ಪಟ್ಟಿಯಿಂದ ಬಿಗಿಯಾಗಿ ಕಟ್ಟಿಟ್ಟಾಗ ಅದು ನಿಧಾನವಾಗಿ ಒಳಕ್ಕೆ ಜಾರುತ್ತಿದ್ದರೆ ಮಾತು ಬೇರೆ. ಆಗ ಮಾಸ್ಟರ್ ಸಿಲಿಂಡರಿನ (ಲಿವರಿನ ಬಳಿ ದ್ರವವನ್ನು ಒತ್ತುವ ಭಾಗ) ಸೀಲ್ ಆಗಲಿ, ಯಾವುದಾದರೂ ಜೋಡಣೆಯಾಗಲಿ ಸೋರುತ್ತಿದೆ.

ಎಚ್ಚರಿಕೆಯ ಒಂದು ಮಾತು: ಡಾಟ್ ವ್ಯವಸ್ಥೆಗೆ ಮಿನರಲ್ ಆಯಿಲ್ ಹಾಕಬಾರದು, ಮಿನರಲ್ ಆಯಿಲ್ ವ್ಯವಸ್ಥೆಗೆ ಡಾಟ್ ಹಾಕಬಾರದು, ಸೀಲುಗಳು ಉಬ್ಬಿ ಹಾಳಾಗುತ್ತವೆ. ಡಾಟ್ 5 ಎಂಬುದು ಸಿಲಿಕೋನ್ ಆಧಾರಿತವಾದ ಬೇರೆಯೇ ದ್ರವ, ಹೆಸರಿನ ಹೋಲಿಕೆ ನೋಡಿ ಅದನ್ನು ತರಬೇಡಿ.

ಉತ್ತರ 2

ಮುಂದಿನ ಬ್ರೇಕಿನ ಬಗ್ಗೆ ನಾನು ಹೇಳುತ್ತೇನೆ. ಸುಟ್ಟ ವಾಸನೆ ಬಂದಿದೆಯೆಂದರೆ ರೆಸಿನ್ ಪ್ಯಾಡ್ ತನ್ನ ಮಿತಿಯನ್ನು ದಾಟಿದೆ. ಪ್ಯಾಡನ್ನು ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಮೇಲ್ಮೈ ಒರಟಾಗಿ, ಹೊಳಪಿಲ್ಲದೆ ಇರಬೇಕು; ಗಾಜಿನಂತೆ ಮಿನುಗುತ್ತಿದ್ದರೆ ಅದು ಕಾದು ಗ್ಲೇಜ್ ಆಗಿದೆ. ಸಿಂಟರ್ಡ್ ಲೋಹದ ಪ್ಯಾಡ್ ಬಿಸಿಯನ್ನೂ ಕೆಸರನ್ನೂ ಚೆನ್ನಾಗಿ ತಾಳುತ್ತದೆ. ಆದರೆ ತಣ್ಣಗಿರುವಾಗ ಅದರ ಮೊದಲ ಹಿಡಿತ ಸ್ವಲ್ಪ ಮಂದ, ಸದ್ದು ಹೆಚ್ಚು, ಜೊತೆಗೆ ಅದು ಕ್ಯಾಲಿಪರಿಗೆ ಹೆಚ್ಚು ಬಿಸಿ ದಾಟಿಸುತ್ತದೆ. ಆದ್ದರಿಂದ ಹಿಂದಿನ ಬ್ರೇಕಿಗೆ ದ್ರವ ಬದಲಿಸದೆ ಲೋಹದ ಪ್ಯಾಡ್ ಹಾಕಿದರೆ ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ರೋಟರಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಬೇಕೆಂದು ಕೊರೆದಿದ್ದರೆ ಲೋಹದ ಪ್ಯಾಡ್ ಅದನ್ನು ಬೇಗ ತಿಂದುಹಾಕುತ್ತದೆ.

ಹೊಸ ಪ್ಯಾಡ್ ಹಾಕಿದ ದಿನವೇ ಬಲವನ್ನು ಅಳೆಯಲು ಹೋಗಬಾರದು. ಮಧ್ಯಮ ವೇಗದಿಂದ ನಡಿಗೆಯ ವೇಗದವರೆಗೆ, ಚಕ್ರ ಲಾಕ್ ಆಗದಂತೆ ಮತ್ತು ಪೂರ್ತಿ ನಿಲ್ಲಿಸದಂತೆ, ಸುಮಾರು 20 ಸಲ ನಿಧಾನಿಸಬೇಕು. ಪ್ಯಾಡಿನ ತೆಳುವಾದ ಪದರ ರೋಟರಿಗೆ ಸಮನಾಗಿ ಅಂಟಿಕೊಂಡ ಮೇಲೆಯೇ ನಿಜವಾದ ಹಿಡಿತ ಬರುತ್ತದೆ. ಬಹಳಷ್ಟು ಸವಾರರು ಈ ಹಂತವನ್ನೇ ಬಿಟ್ಟು ಬ್ರೇಕನ್ನು ದೂರುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬಲ ಬೇಕಾದರೆ ಮೊದಲು ರೋಟರ್ ದೊಡ್ಡದು ಮಾಡಿ. 180ರಿಂದ 203 ಮಿ.ಮೀ.ಗೆ ಹೋದರೆ ಅದೇ ಒತ್ತಡಕ್ಕೆ ತಡೆಯುವ ಬಲ ಸುಮಾರು 13 ಶೇಕಡಾ ಹೆಚ್ಚುತ್ತದೆ, ಬಿಸಿ ಹರಡಲು ಹೆಚ್ಚು ಲೋಹವೂ ಸಿಗುತ್ತದೆ, ಲಿವರಿನ ಸ್ವಭಾವ ಬದಲಾಗುವುದಿಲ್ಲ. ಫೋರ್ಕ್ ಎಷ್ಟು ದೊಡ್ಡ ರೋಟರನ್ನು ಒಪ್ಪುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಇಳಿಯುವ ರೀತಿಯನ್ನೂ ಗಮನಿಸಿ: ಹಿಂದಿನ ಬ್ರೇಕನ್ನು ಉದ್ದಕ್ಕೂ ಹಗುರವಾಗಿ ಒತ್ತಿಕೊಂಡೇ ಬಂದರೆ ತಣಿಯುವ ಅವಕಾಶವೇ ಇಲ್ಲ. ತಿರುವಿನ ಮುಂಚೆ ಎರಡನ್ನೂ ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಡುವುದು ಒಳ್ಳೆಯದು.

ಉತ್ತರ 3

ಮೇಲಿನವರು ಹೇಳದ ಒಂದು ಕಾರಣವಿದೆ. ಕ್ಯಾಲಿಪರಿನ ಹಿಂದೆ ಬಿಳಿಯ ಕಾಗದ ಹಿಡಿದು ಲಿವರನ್ನು ನಿಧಾನವಾಗಿ ಒತ್ತಿ ನೋಡಿ. ಒಂದು ಕಡೆಯ ಪಿಸ್ಟನ್ ಮಾತ್ರ ಚಲಿಸಿ ರೋಟರನ್ನು ಇನ್ನೊಂದು ಕಡೆಗೆ ಬಾಗಿಸುತ್ತಿದ್ದರೆ ಬೆರಳಿಗೆ ಸಿಗುವ ಮೆತ್ತನೆಯ ಅನುಭವ ರೋಟರ್ ಬಾಗುವುದರದ್ದು. ಅದನ್ನು ಗಾಳಿಯೆಂದು ತಿಳಿದು ಎಷ್ಟು ಬ್ಲೀಡ್ ಮಾಡಿದರೂ (ಹೊಸ ದ್ರವ ತುಂಬಿ ಹಳೆಯದನ್ನೂ ಗಾಳಿಯನ್ನೂ ಹೊರಹಾಕಿದರೂ) ಹೋಗುವುದಿಲ್ಲ. ಚಕ್ರವನ್ನೂ ಪ್ಯಾಡನ್ನೂ ತೆಗೆದು, ಚಲಿಸುವ ಪಿಸ್ಟನ್ನನ್ನು ತಡೆಹಿಡಿದು, ಅಂಟಿದ್ದನ್ನು ಸ್ವಲ್ಪವೇ ಹೊರತಂದು, ಅದರ ಅಂಚಿಗೆ ಅದೇ ಬ್ರೇಕಿನ ದ್ರವವನ್ನು ಹತ್ತಿಕಡ್ಡಿಯಿಂದ ಸವರಿ ಒಳಗೆ ತಳ್ಳಬೇಕು. ಕೆಲವು ಸಲ ಹೀಗೆ ಮಾಡಿ, ಉಳಿದ ದ್ರವವನ್ನು ಪೂರ್ತಿ ಒರೆಸಿದ ಮೇಲೆಯೇ ಪ್ಯಾಡ್ ಕೂರಿಸಿ. ಒಂದು ಹನಿ ದ್ರವ ತಾಗಿದರೂ ಪ್ಯಾಡ್ ಕೆಟ್ಟಂತೆಯೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಿಂದಿನ ಕ್ಯಾಲಿಪರಿನ ಒಳಬದಿಯ ಪಿಸ್ಟನ್ ಅಂಟಿಕೊಂಡಿತ್ತು, ಬ್ಲೀಡ್ ಮಾಡಿದಾಗ ಹೊರಬಂದ ದ್ರವ ಕಂದು ಬಣ್ಣಕ್ಕೆ ತಿರುಗಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ಅದೇ ಇಳಿಜಾರಿನ ತುದಿಯವರೆಗೂ ಹಿಂದಿನ ಲಿವರ್ ಹಿಡಿಯುವ ಜಾಗ ಬದಲಾಗಲಿಲ್ಲ. ಮುಂದಿನ ಪ್ಯಾಡ್ ಗ್ಲೇಜ್ ಆಗಿದ್ದುದು ನಿಜ. ರೋಟರಿನ ಮೇಲೆ ನಿರ್ಬಂಧದ ಬರಹವಿಲ್ಲದ ಕಾರಣ ಅದಕ್ಕೆ ಲೋಹದ ಪ್ಯಾಡ್ ಹಾಕಿ, ಮೇಲೆ ಹೇಳಿದಂತೆ ಹಲವು ಸಲ ನಿಧಾನಿಸಿ ಅದನ್ನು ಹದಗೊಳಿಸುವ ಬೆಡ್ಡಿಂಗ್ ಮಾಡುತ್ತಿದ್ದೇನೆ. ಫೋರ್ಕ್ 203 ಮಿ.ಮೀ. ರೋಟರನ್ನು ಒಪ್ಪುತ್ತದೆ, ಈ ಪ್ಯಾಡಿನ ಹಿಡಿತ ನೋಡಿದ ಮೇಲೆ ಅದರ ನಿರ್ಧಾರ ಮಾಡುತ್ತೇನೆ.