ಪದಚರ್ಚೆ: ‘ಸ್ಕ್ಯಾಫೋಲ್ಡ್’ಗೆ ಸಾರುವೆಯೋ ಹಂದರವೋ? ಕಸಿ ‘ಟೇಕ್’ ಆಗುವುದಕ್ಕೆ ಏನು?

ಪ್ರಶ್ನೆ:

ನಮಸ್ಕಾರ. ಸುಟ್ಟಗಾಯದ ರೋಗಿಗಳಿಗೂ ಅವರ ಮನೆಯವರಿಗೂ ಕೊಡುವ ಕೈಪಿಡಿಯ ಕರಡಿನಲ್ಲಿ ಮೂರು ಪದಗಳು ಇನ್ನೂ ಇತ್ಯರ್ಥವಾಗಿಲ್ಲ. ಆಳವಾಗಿ ಸುಟ್ಟ ಚರ್ಮವನ್ನು ಕೊಯ್ದು ತೆಗೆದ ಮೇಲೆ ಅಲ್ಲಿ ಹಾಸುವ ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನು) ಹಾಳೆಯನ್ನು ಡಾಕ್ಟರುಗಳು ‘ಸ್ಕ್ಯಾಫೋಲ್ಡ್’ ಎನ್ನುತ್ತಾರೆ. ಕರಡಿನಲ್ಲಿ ಒಂದು ಕಡೆ ‘ಸಾರುವೆ’ ಎಂದಿದೆ, ಇನ್ನೊಂದು ಕಡೆ ‘ಕೃತಕ ಚರ್ಮ’ ಎಂದಿದೆ. ಚರ್ಮದ ಕಸಿ ‘ಟೇಕ್’ ಆಯಿತು, ಅಂದರೆ ಹಾಕಿದ ಜಾಗದಲ್ಲಿ ಅಂಟಿ ಬದುಕಿತು, ಎನ್ನುವುದನ್ನು ‘ಸ್ವೀಕೃತವಾಯಿತು’ ಎಂದು ಬರೆದಿದ್ದಾರೆ. ‘ರೀಜನರೇಷನ್’ಗೆ ‘ಪುನರುತ್ಪತ್ತಿ’ ಎಂದಿದ್ದಾರೆ. ಓದುವವರಿಗೆ ಅರ್ಥವಾಗಬೇಕು, ವಿಷಯವೂ ಕೆಡಬಾರದು. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:

‘ಸಾರುವೆ’ ಒಳ್ಳೆಯ ಪದವೇ, ಆದರೆ ಇಲ್ಲಿ ಹೊಂದುವುದಿಲ್ಲ. ಸಾರುವೆ ಕಟ್ಟಡದ ಹೊರಗೆ ನಿಲ್ಲುತ್ತದೆ, ಗೋಡೆ ಎದ್ದ ಮೇಲೆ ಬಿಚ್ಚಿ ಒಯ್ಯುತ್ತಾರೆ. ಕೊಲಾಜನ್ ಹಾಳೆಯನ್ನು ಯಾರೂ ಬಿಚ್ಚುವುದಿಲ್ಲ. ಅದರ ಒಳಗೇ ಜೀವಕೋಶಗಳು ನುಗ್ಗುತ್ತವೆ, ರಕ್ತನಾಳಗಳು ಹಬ್ಬುತ್ತವೆ. ಹಬ್ಬುವುದಕ್ಕೆ ಆಸರೆ ಎಂದರೆ ಕನ್ನಡದಲ್ಲಿ ಹಂದರ. ಮಲ್ಲಿಗೆಗೂ ಹಂದರ, ಹೀರೆಬಳ್ಳಿಗೂ ಹಂದರ. ‘ಕಥಾಹಂದರ’ ಎನ್ನುವಾಗ ಒಳಗಟ್ಟು ಎಂಬ ಅರ್ಥವೂ ಆಗಲೇ ಬಂದಿದೆ.

ಈ ಬಗೆಯ ಹಾಳೆಗಳಲ್ಲಿ ಹೆಸರಾದದ್ದು ಇಂಟೆಗ್ರಾ. ಯಾನಸ್ ಮತ್ತು ಬರ್ಕ್ ಎಂಬಿಬ್ಬರು ಅಮೆರಿಕದ ಬಾಸ್ಟನ್ ಸೀಮೆಯಲ್ಲಿ ರೂಪಿಸಿದ್ದು. 1996ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ದನದ ಸ್ನಾಯುರಜ್ಜಿನ ಕೊಲಾಜನ್ನು, ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಕಾಂಡ್ರಾಯ್ಟಿನ್ ಸಲ್ಫೇಟು (ಸಕ್ಕರೆಯ ಸರಪಳಿಯಂಥ ವಸ್ತು) ಎರಡನ್ನೂ ಆಮ್ಲದಲ್ಲಿ ಕದಡಿ ಹೆಪ್ಪುಗಟ್ಟಿಸುತ್ತಾರೆ. ನಿರ್ವಾತದಲ್ಲಿ ಮಂಜಿನ ಹರಳುಗಳು ನೀರಾಗದೆ ನೇರ ಆವಿಯಾಗುತ್ತವೆ. ಹರಳಿದ್ದ ಜಾಗದಲ್ಲಿ ತೂತು ಉಳಿಯುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಹರಳು ದೊಡ್ಡದು, ತೂತೂ ದೊಡ್ಡದು. ಬೇಕಾದ ಅಳತೆ ಸುಮಾರು 20ರಿಂದ 125 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಅದಕ್ಕಿಂತ ಕಿರಿದಾದರೆ ಕೋಶಗಳು ಒಳಹೋಗಲಾರವು. ತೀರ ಹಿರಿದಾದರೆ ಅವಕ್ಕೆ ಹಿಡಿದುಕೊಳ್ಳಲು ಬೇಕಾದಷ್ಟು ಎಳೆ ಸಿಗದೆ ಗಾಯ ಎಂದಿನಂತೆ ಮುದುಡಿಕೊಳ್ಳುತ್ತದೆ. ಹಂದರದ ಕಣ್ಣಿನ ಅಳತೆ ಬಳ್ಳಿಗೆ ತಕ್ಕಂತಿರಬೇಕು ಎಂದರೆ ಯಾವ ರೈತನಿಗೂ ಇದು ತಿಳಿಯುತ್ತದೆ.

‘ಟೇಕ್’ಗೆ ‘ಸ್ವೀಕೃತ’ ಬೇಡ. ಅದು ಅರ್ಜಿಯ ಮಾತು. ‘ಕಸಿ’ ಎಂಬುದೇ ತೋಟದಿಂದ ಬಂದಿರುವಾಗ ಅದರ ಕ್ರಿಯಾಪದವನ್ನೂ ತೋಟದಿಂದಲೇ ತರೋಣ: ಕಸಿ ಕೂಡಿತು, ಕಸಿ ಹಿಡಿಯಿತು. ಇಲ್ಲಿ ನಡೆಯುವುದೂ ಕೂಡುವುದೇ. ಮೊದಲ ಒಂದೆರಡು ದಿನ ಕಸಿಯ ಚರ್ಮ ಗಾಯದ ತಳದ ದ್ರವವನ್ನು ಹೀರಿ ಬದುಕುತ್ತದೆ. ಎರಡು, ಮೂರನೆಯ ದಿನದ ಹೊತ್ತಿಗೆ ತಳದ ರಕ್ತನಾಳದ ಬಾಯಿಗೂ ಕಸಿಯ ನಾಳದ ಬಾಯಿಗೂ ಸೇರಿಕೆಯಾಗುತ್ತದೆ. ಇದರ ಇಂಗ್ಲಿಷ್ ಹೆಸರು ‘ಇನಾಸ್ಕ್ಯುಲೇಷನ್’. ಅದರ ಲ್ಯಾಟಿನ್ ಬೇರಿಗೂ ‘ಪುಟ್ಟ ಬಾಯಿ’ ಎಂದೇ ಅರ್ಥ. ‘ಬಾಯಿಗೂಡುವುದು’ ಎಂದರೆ ಎಷ್ಟು ಚೆಂದ! ನಾಲ್ಕೈದು ದಿನದಲ್ಲಿ ರಕ್ತ ಓಡಾಡುತ್ತದೆ. ಅಡಿಯಲ್ಲಿ ರಕ್ತವೋ ನೀರೋ ನಿಂತರೆ, ಕಸಿ ಜರುಗಿದರೆ, ಸೋಂಕಾದರೆ ಬಾಯಿಗೂಡುವುದಿಲ್ಲ, ಕಸಿ ಕಪ್ಪಾಗಿ ಕಿತ್ತು ಬರುತ್ತದೆ. ಪಟ್ಟಿಯನ್ನು ಬಿಗಿಯಾಗಿ ಕಟ್ಟಿ ಕೈಕಾಲು ಅಲುಗಾಡಿಸಬೇಡಿ ಎನ್ನುವುದು ಇದಕ್ಕೇ. ‘ಕೂಡುವವರೆಗೆ ಜರುಗಬಾರದು’ ಎಂದು ಬರೆದರೆ ಕಾರಣವೂ ಪದದಲ್ಲೇ ಇರುತ್ತದೆ.

ಉತ್ತರ 2:

ಹಂದರಕ್ಕೆ ನನ್ನ ಒಪ್ಪಿಗೆ ಇದೆ, ಒಂದು ತಿದ್ದುಪಡಿಯೊಂದಿಗೆ. ಬಳ್ಳಿ ಒಣಗಿದರೂ ಹಂದರ ಉಳಿಯುತ್ತದೆ. ಇದು ಹಾಗಲ್ಲ, ಬಳ್ಳಿ ಬಲಿಯುತ್ತಿದ್ದಂತೆ ತಾನೇ ಕರಗಬೇಕು. ಕೊಲಾಜನ್ ಎಳೆಗಳ ನಡುವಿನ ಬೆಸುಗೆ ಕಡಿಮೆಯಾದರೆ ಒಳದೊಗಲು ಕಟ್ಟುವ ಮುಂಚೆಯೇ ಹಾಳೆ ಕರಗಿಹೋಗುತ್ತದೆ. ಹೆಚ್ಚಾದರೆ ಕರಗದೆ ಮೈಯೊಳಗಿನ ಹೊರವಸ್ತುವಾಗಿ ಕಾಡುತ್ತದೆ. ಆದ್ದರಿಂದ ಮೊದಲ ಸಲ ‘ಕರಗುವ ಹಂದರ’ ಎಂದೇ ಬರೆಯಿರಿ. ಇಂಟೆಗ್ರಾದಂಥ ಹಾಳೆಯ ಮೇಲ್ಮೈಗೆ ಹೊದಿಸಿರುವ ಸಿಲಿಕೋನ್ ಪೊರೆ ಮಾತ್ರ ಕರಗುವುದಿಲ್ಲ. ಸುಮಾರು ಮೂರು ವಾರಕ್ಕೆ ಅದನ್ನು ಸುಲಿದು, ರೋಗಿಯದೇ ತೆಳು ಕಸಿಯನ್ನು ಹಾಕುತ್ತಾರೆ. ಎರಡನೆಯ ಆಪರೇಷನ್ ಇದೆಯೆಂಬುದು ಮನೆಯವರಿಗೆ ಮೊದಲೇ ಗೊತ್ತಿರಬೇಕು. ‘ಕೃತಕ ಚರ್ಮ’ ಎಂದುಬಿಟ್ಟರೆ ಎಲ್ಲ ಮುಗಿಯಿತೆಂದು ತಿಳಿಯುತ್ತಾರೆ. ದನದ, ಮೀನಿನ ಅಂಶವನ್ನೂ ಆ ಪದ ಮುಚ್ಚುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿಗೆ ಅದನ್ನು ತಿಳಿಯುವ ಹಕ್ಕಿದೆ.

ಮೂರನೆಯ ಪದದಲ್ಲಿ ಇನ್ನೂ ಎಚ್ಚರ ಬೇಕು. ಹೊರದೊಗಲು ನಿಜವಾಗಿ ಮರಳಿ ಹುಟ್ಟುತ್ತದೆ. ತೆಳು ಕಸಿ ತೆಗೆದ ತೊಡೆಯ ಜಾಗ ಎರಡು ವಾರದ ಆಸುಪಾಸಿನಲ್ಲಿ ಮುಚ್ಚಿಕೊಳ್ಳುವುದು ಕೂದಲಿನ ಬುಡದಲ್ಲಿ ಉಳಿದ ಕೋಶಗಳಿಂದ. ಒಳದೊಗಲು ಪೂರ್ತಿ ಹೋದರೆ ದೊಡ್ಡವರಲ್ಲಿ ಅದು ಮೊದಲಿನಂತೆ ಹುಟ್ಟುವುದಿಲ್ಲ, ಮಾಯುತ್ತದೆ ಅಷ್ಟೇ, ಕಲೆ ಉಳಿಯುತ್ತದೆ. ಹಂದರ ಹಾಕಿದಾಗಲೂ ಕೂದಲು, ಬೆವರುಗ್ರಂಥಿ ಬರುವುದಿಲ್ಲ. ‘ಮಾಯು’ ಮತ್ತು ‘ಮರುಹುಟ್ಟು’ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ‘ಪುನರುತ್ಪತ್ತಿ’ ಎಂದರೆ ಹಳೆಯ ಚರ್ಮವೇ ಮರಳಿತೆಂಬ ಆಸೆ ಹುಟ್ಟಿಸಿದಂತಾಗುತ್ತದೆ. ಕೈಪಿಡಿಯಲ್ಲಿ ಈ ವಾಕ್ಯ ಸಾಕು: “ಗಾಯ ಮಾಯುತ್ತದೆ, ಚರ್ಮ ಮೆದುವಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಆ ಜಾಗ ಬೆವರುವುದಿಲ್ಲ, ದಿನವೂ ಜಿಡ್ಡು ಸವರಬೇಕು, ಬಿಸಿಲು ತಾಗಿಸಬಾರದು.”