ಹಗುರ ಹೊರೆಯ ಪಿಕಪ್‌ನ ಸಸ್ಪೆನ್ಷನ್ ಎತ್ತರಿಸಲು ಯಾವ ಬಿಡಿಭಾಗಗಳನ್ನು ಆರಿಸಬೇಕು?

ಪ್ರಶ್ನೆ: ಮಲೆನಾಡು_ತೋಟ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಫೋರ್ ವೀಲ್ ಡ್ರೈವ್ ಪಿಕಪ್ ಇದೆ. ವರ್ಷದ ಬಹುಪಾಲು ದಿನ ಅದರ ಹಿಂಬದಿಯಲ್ಲಿರುವುದು ಕಳೆ ಕತ್ತರಿಸುವ ಯಂತ್ರ, ಡೀಸೆಲ್ ಕ್ಯಾನು ಮತ್ತು ಒಂದೆರಡು ಮೂಟೆ ಗೊಬ್ಬರ ಮಾತ್ರ. ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಕೊಯ್ಲಿನ ಕಾಲದಲ್ಲಿ ಕೆಲವು ದಿನ ಕಾಫಿ ಮೂಟೆಗಳನ್ನು ಹೇರುವುದುಂಟು. ಮಳೆಗಾಲ ಮುಗಿಯುವ ಹೊತ್ತಿಗೆ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಜಾಡು ಎಷ್ಟು ಆಳವಾಗಿರುತ್ತದೆಂದರೆ, ನಡುವಿನ ದಿಬ್ಬ ಗಾಡಿಯ ಅಡಿಭಾಗಕ್ಕೆ ಉಜ್ಜುತ್ತದೆ.

ಒಂದು ಅಂಗಡಿಯವರು ಮುಂದೆ ಸ್ಪೇಸರ್ (ಎತ್ತರಿಸಲು ನಡುವೆ ಇಡುವ ಬಿಲ್ಲೆ) ಕೂರಿಸಿ, ಹಿಂದೆ 500 ಕಿಲೋ ಕಾಯಂ ಹೊರೆಗೆಂದು ಮಾಡಿದ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಕಟ್ಟು) ಹಾಕಿ, ಒಟ್ಟು 50 ಮಿ.ಮೀ. ಎತ್ತರಿಸುವ ಸಲಹೆ ಕೊಟ್ಟಿದ್ದಾರೆ. ಇನ್ನೊಬ್ಬರು ಹಿಂದೆ ಉದ್ದನೆಯ ಶ್ಯಾಕಲ್ (ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿದರೆ ಸಾಕೆನ್ನುತ್ತಾರೆ. ಹೊರೆ ಕಡಿಮೆ ಇರುವ ನನ್ನ ಗಾಡಿಗೆ ಇವುಗಳಲ್ಲಿ ಯಾವುದು ಸರಿ, ಮತ್ತು ಇದಕ್ಕೆ ಕಾನೂನಿನ ಅಡ್ಡಿ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸ್ಪ್ರಿಂಗ್_ಲೆಕ್ಕ, ಬೆಂಗಳೂರು

ಮೊದಲು ಗಾಡಿಯ ಕೆಳಗೆ ಬಗ್ಗಿ, ಉಜ್ಜಿದ ಗುರುತು ಎಲ್ಲಿದೆ ಎಂದು ನೋಡಿ. ಎಂಜಿನ್ ಕೆಳಗಿನ ರಕ್ಷಣಾ ತಗಡಿನ ಮೇಲೋ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಮೇಲೋ ಗುರುತಿದ್ದರೆ ಸಸ್ಪೆನ್ಷನ್ ಎತ್ತರಿಸಿದ್ದರಿಂದ ಪ್ರಯೋಜನವಾಗುತ್ತದೆ. ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಉಂಡೆ) ಮೇಲೆ ಇದ್ದರೆ ಎಷ್ಟು ದುಬಾರಿ ಕಿಟ್ ಹಾಕಿದರೂ ಅದು ಒಂದು ಕೂದಲಿನಷ್ಟೂ ಮೇಲೇರುವುದಿಲ್ಲ, ಏಕೆಂದರೆ ಆಕ್ಸಲ್ ನಿಂತಿರುವುದು ಟೈರಿನ ಮೇಲೆ, ಸ್ಪ್ರಿಂಗ್ ಇರುವುದು ಅದರ ಮೇಲ್ಗಡೆ. ಅದನ್ನು ಎತ್ತುವುದು ಟೈರಿನ ವ್ಯಾಸ ಮಾತ್ರ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. 255/65 ಆರ್17 ಟೈರಿನ ವ್ಯಾಸ ಸುಮಾರು 763 ಮಿ.ಮೀ., 265/65 ಆರ್17ರದ್ದು ಸುಮಾರು 776 ಮಿ.ಮೀ.; ಈ ಬದಲಾವಣೆಯಿಂದ ಡಿಫರೆನ್ಷಿಯಲ್‌ಗೆ ಸಿಗುವುದು ಆರೇಳು ಮಿಲಿಮೀಟರ್ ಅಷ್ಟೆ.

ಇನ್ನು 500 ಕಿಲೋ ಲೀಫ್ ಸ್ಪ್ರಿಂಗ್ ವಿಚಾರ. ಸ್ಪ್ರಿಂಗನ್ನು ಆರಿಸಬೇಕಾದದ್ದು ಗಾಡಿಯಲ್ಲಿ ಪ್ರತಿದಿನ ಇರುವ ತೂಕಕ್ಕೆ. ಕೊಯ್ಲಿನ ಕೆಲವು ದಿನಗಳ ತೂಕಕ್ಕೂ ಅಲ್ಲ, ನಮಗೆ ಬೇಕೆನಿಸಿದ ಎತ್ತರಕ್ಕೂ ಅಲ್ಲ. ಉದಾಹರಣೆಗೆ, ಒಂದು ಬದಿಯ ಕಟ್ಟಿನ ಗಡಸುತನ ಮಿಲಿಮೀಟರಿಗೆ 5 ಕಿಲೋ ಎಂದಿಟ್ಟುಕೊಂಡರೆ ಎರಡೂ ಬದಿ ಸೇರಿ 10 ಕಿಲೋ ಆಯಿತು. 500 ಕಿಲೋ ಹೇರಿದಾಗ ಮೂಲ ಎತ್ತರಕ್ಕಿಂತ 50 ಮಿ.ಮೀ. ಮೇಲೆ ನಿಲ್ಲುವಂತೆ ಮಾಡಿದ ಆ ಕಟ್ಟಿನ ಮೇಲೆ ನೀವು 120 ಕಿಲೋ ಮಾತ್ರ ಇಟ್ಟಿರಿ ಎನ್ನಿ; ಉಳಿದ 380 ಕಿಲೋ ಇಲ್ಲದ ಕಾರಣ ಅದು ಇನ್ನೂ 38 ಮಿ.ಮೀ. ಮೇಲೇರಿ, ಒಟ್ಟು 88 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಆಗ ಶಾಕ್ ಅಬ್ಸಾರ್ಬರ್ ಹೆಚ್ಚು ಕಡಿಮೆ ಪೂರ್ತಿ ಚಾಚಿಕೊಂಡೇ ಇರುವುದರಿಂದ, ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಡಿಯಲು ಅವಕಾಶವೇ ಉಳಿಯುವುದಿಲ್ಲ. ಒದ್ದೆ ಘಾಟಿ ರಸ್ತೆಯ ತಿರುವಿನಲ್ಲಿ ಖಾಲಿ ಪಿಕಪ್‌ನ ಹಿಂಭಾಗ ಹಾರಿ ಪಕ್ಕಕ್ಕೆ ಸರಿಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹಿಂದಿನ ಕಂಪನಿ ಲೀಫ್ ಕಟ್ಟು ಕುಸಿದಿಲ್ಲವೆಂದು ಖಚಿತಪಡಿಸಿಕೊಂಡು ಅದನ್ನೇ ಉಳಿಸಿಕೊಳ್ಳುತ್ತಿದ್ದೆ. ಪಿಕಪ್‌ನ ಹಿಂಭಾಗ ಹುಟ್ಟಿನಿಂದಲೇ ಮುಂಭಾಗಕ್ಕಿಂತ ಎತ್ತರ. ಹೊರೆ ಹೇರಿದಾಗ ಸಮನಾಗಲಿ ಎಂದೇ ಹಾಗೆ ಮಾಡಿರುತ್ತಾರೆ. ಹೊರೆಯೇ ಇಲ್ಲದಿದ್ದಾಗ ಮುಂಭಾಗವನ್ನು 25ರಿಂದ 40 ಮಿ.ಮೀ. ಎತ್ತಿದರೆ ಗಾಡಿ ಹೆಚ್ಚು ಕಡಿಮೆ ಸಮತಟ್ಟಾಗುತ್ತದೆ ಮತ್ತು ದಿಬ್ಬಕ್ಕೆ ಮೊದಲು ತಾಗುವ ಭಾಗವೂ ಮೇಲೇರುತ್ತದೆ.

ಮುಂದಿನ ಸ್ಪೇಸರ್‌ಗಳಲ್ಲಿ ಎರಡು ಬಗೆಗಳಿವೆ, ಅಂಗಡಿಯವರು ಯಾವುದನ್ನು ಹೇಳುತ್ತಿದ್ದಾರೆಂದು ಕೇಳಿ. ಕಾಯಿಲ್ (ಸುರುಳಿ ಸ್ಪ್ರಿಂಗ್) ಮೇಲೆ ಕೂರುವ ಸ್ಪೇಸರ್ ಸ್ಪ್ರಿಂಗನ್ನು ಮೊದಲೇ ಅದುಮಿಡುತ್ತದೆ. ಗಾಡಿ ಏರುತ್ತದೆ, ಆದರೆ ಚಕ್ರ ಕೆಳಗಿಳಿಯುವ ದೂರ ಅಷ್ಟೇ ಕಡಿಮೆಯಾಗುತ್ತದೆ. ಇಡೀ ಸ್ಟ್ರಟ್‌ನ (ಕಾಯಿಲ್, ಶಾಕ್ ಸೇರಿದ ಜೋಡಣೆ) ನೆತ್ತಿಯ ಮೇಲೆ ಕೂರುವ ಸ್ಪೇಸರ್ ಚಕ್ರವನ್ನು ತಯಾರಕರು ಉದ್ದೇಶಿಸಿದ್ದಕ್ಕಿಂತ ಕೆಳಗೆ ಇಳಿಯಗೊಡುತ್ತದೆ. ಸ್ಟ್ರಟ್ ಚಕ್ರವನ್ನು ಹಿಡಿದಿರುವ ಕೆಳತೋಳಾದ ಲೋವರ್ ಆರ್ಮ್‌ನ ನಡುಭಾಗಕ್ಕೆ ಜೋಡಣೆಯಾಗಿರುವ ಕಾರಣ 25 ಮಿ.ಮೀ. ದಪ್ಪದ ಬಿಲ್ಲೆ ಚಕ್ರದ ಬಳಿ ಅದರ ಒಂದೂವರೆಯಿಂದ ಎರಡು ಪಟ್ಟು ವ್ಯತ್ಯಾಸ ಮಾಡುತ್ತದೆ. ಆ ಹೆಚ್ಚುವರಿ ಕೋನವನ್ನು ತಾಳಬೇಕಾದವು ಬಾಲ್ ಜಾಯಿಂಟ್ (ತೋಳಿನ ತುದಿಯ ಗುಂಡುಕೀಲು) ಮತ್ತು ಡ್ರೈವ್ ಶಾಫ್ಟ್‌ನ ಸಿ.ವಿ. ಜಾಯಿಂಟ್ (ಕೋನ ಬದಲಾದರೂ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕೀಲು). ಖರ್ಚು ಹೆಚ್ಚಾದರೂ ಸ್ಪೇಸರ್ ಬದಲು ಸರಿಯಾದ ಗಡಸುತನದ ಹೊಸ ಕಾಯಿಲನ್ನೂ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನೂ ಒಟ್ಟಿಗೆ ಕೊಳ್ಳುವುದು ಮೇಲು.

ಉತ್ತರ: ಕೆಂಪುಮಣ್ಣು, ಪರ್ತ್

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಡಿ-ಮ್ಯಾಕ್ಸ್, ಹೈಲಕ್ಸ್ ಗಾಡಿಗಳು ಬೀದಿಗೊಂದರಂತೆ ಕಾಣಸಿಗುತ್ತವೆ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಟಫ್ ಡಾಗ್ ಮುಂತಾದ ಇಲ್ಲಿನ ತಯಾರಕರು ಒಂದೇ ಗಾಡಿಗೆ ಹಗುರ, ಮಧ್ಯಮ, ಭಾರ ಎಂದು ಬೇರೆ ಬೇರೆ ಸ್ಪ್ರಿಂಗ್‌ಗಳನ್ನು ಮಾರುತ್ತಾರೆ. ಅವರ ಪಟ್ಟಿಯಲ್ಲಿ ಹೊರೆ ಎಂದರೆ ಸದಾ ಗಾಡಿಯ ಮೇಲಿರುವ ಕ್ಯಾನೋಪಿ (ಹಿಂಬದಿಯ ಮುಚ್ಚಿಗೆ), ನೀರಿನ ಟ್ಯಾಂಕ್, ಸಲಕರಣೆ ಪೆಟ್ಟಿಗೆಗಳ ತೂಕ. ಅಪರೂಪಕ್ಕೆ ಹೇರುವುದನ್ನು ಅದರಲ್ಲಿ ಸೇರಿಸುವುದಿಲ್ಲ.

ಮುಂದಿನ ಕಾಯಿಲ್‌ಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಇಲ್ಲಿನವರು ಕಾಂಗರೂಗಳ ಕಾಟಕ್ಕೆ ಉಕ್ಕಿನ ಬುಲ್ ಬಾರ್ (ಮುಂಭಾಗದ ರಕ್ಷಣಾ ಕಂಬಿ) ಹಾಕಿಸುವುದು ಸಾಮಾನ್ಯವಾದ್ದರಿಂದ ಕಾಯಿಲ್ ಪಟ್ಟಿಯಲ್ಲಿ ‘ಬಾರ್ ಸಹಿತ’, ‘ಬಾರ್ ರಹಿತ’ ಎಂಬ ಎರಡು ಸಾಲುಗಳಿರುತ್ತವೆ. ಭಾರತದಲ್ಲಿ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್ ಹಾಕಿದ ಗಾಡಿಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿರುವುದರಿಂದ ನಿಮ್ಮ ಗಾಡಿಯಲ್ಲಿ ಆ ತೂಕ ಇರುವುದಿಲ್ಲ. ಬಾರ್ ಸಹಿತ ಕಾಯಿಲ್ ತಂದು ಹಾಕಿದರೆ ಮುಂಭಾಗ ಲೆಕ್ಕಕ್ಕಿಂತ ಹೆಚ್ಚು ಏರಿ, ಕಟ್ಟೆಯ ಮೇಲೆ ಕುಳಿತಂತೆ ಕುಕ್ಕುತ್ತದೆ.

ಉತ್ತರ: ಅಲೈನ್‌ಮೆಂಟ್_ಕೆಲಸ, ಹಾಸನ

ಉದ್ದ ಶ್ಯಾಕಲ್ ಬಗ್ಗೆ ಯಾರೂ ಹೇಳಲಿಲ್ಲ. 50 ಮಿ.ಮೀ. ಹೆಚ್ಚು ಉದ್ದದ ಶ್ಯಾಕಲ್ ಹಾಕಿದರೆ ಹಿಂಭಾಗ ಏರುವುದು ಸುಮಾರು 25 ಮಿ.ಮೀ.; ಜೊತೆಗೆ ಆಕ್ಸಲ್ ಸ್ವಲ್ಪ ತಿರುಗಿ ಡಿಫರೆನ್ಷಿಯಲ್‌ನ ಮೂತಿ ಓರೆಯಾಗುವುದರಿಂದ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ದಂಡ) ಅದುರುವ ಸಾಧ್ಯತೆಯಿದೆ. ಮೊದಲೇ ಎತ್ತರವಿರುವ ಹಿಂಭಾಗಕ್ಕೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಮುಂಭಾಗ ಎತ್ತಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಆಗ ಟೋ (ಮೇಲಿನಿಂದ ನೋಡಿದಾಗ ಚಕ್ರದ ಓರೆ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಅದರ ವಾಲು) ಮಾತ್ರ ನೋಡಿ ಕಳುಹಿಸುವ ಕಡೆ ಒಪ್ಪಬೇಡಿ, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷದ ವಾಲು) ಎಷ್ಟಿದೆ ಎಂದು ಮುದ್ರಿತ ಹಾಳೆಯಲ್ಲಿ ಕೇಳಿ ಪಡೆಯಿರಿ. ಎತ್ತರ ಹೆಚ್ಚಿದಂತೆ ಕ್ಯಾಸ್ಟರ್ ಕುಗ್ಗಿ, ಹೆದ್ದಾರಿಯಲ್ಲಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕಡಿಮೆಯಾಗುತ್ತದೆ. 40 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಇರುವ ಹೊಂದಾಣಿಕೆಯಲ್ಲೇ ಸರಿಪಡಿಸಬಹುದು. 50 ದಾಟಿದರೆ ಬೇರೆ ಅಪ್ಪರ್ ಕಂಟ್ರೋಲ್ ಆರ್ಮ್ (ಚಕ್ರವನ್ನು ಹಿಡಿಯುವ ಮೇಲ್ತೋಳು) ಹಾಕಬೇಕಾಗಿ ಬಂದು ಖರ್ಚು ಮತ್ತೊಂದು ಮೆಟ್ಟಿಲು ಏರುತ್ತದೆ.

ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ ಒಂದು ಸಂಗತಿಯಿದೆ. ಕೀಲುಗಳಲ್ಲಿರುವ ರಬ್ಬರ್ ಬುಶ್‌ಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿ ಮಾಡಬಾರದು, ಗಾಡಿಯ ತೂಕ ನೆಲಕ್ಕೆ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಇಲ್ಲದಿದ್ದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬ್ರೇಕ್ ಹೋಸ್ ಮತ್ತು ಎ.ಬಿ.ಎಸ್. ತಂತಿ ಪೂರ್ತಿ ಇಳಿದ ಚಕ್ರದಲ್ಲಿ ಎಳೆದುಕೊಳ್ಳುತ್ತಿಲ್ಲವೇ ಎಂದೂ ಆಗಲೇ ನೋಡಿಬಿಡಿ. ಕೊನೆಗೆ ಹೆಡ್‌ಲೈಟ್ ತಗ್ಗಿಸಿ, ಎದುರಿನವರ ಕಣ್ಣಿಗೆ ಕುಕ್ಕುವುದು ಬೇಡ.

ಉತ್ತರ: ಸ್ಪ್ರಿಂಗ್_ಲೆಕ್ಕ, ಬೆಂಗಳೂರು

ಕಾನೂನಿನ ಪ್ರಶ್ನೆ ಉಳಿದುಹೋಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲು ಆರ್‌.ಟಿ.ಒ. ಕಚೇರಿಯಲ್ಲಿ ವಿಚಾರಿಸಿ ಮತ್ತು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಷೋರೂಮಿನವರು ವಾರಂಟಿಯ ಬಗ್ಗೆ ಏನು ಹೇಳುತ್ತಾರೆಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಮರುಬರಹ: ಮಲೆನಾಡು_ತೋಟ, ಸಕಲೇಶಪುರ

ಎಲ್ಲರಿಗೂ ಧನ್ಯವಾದ. ಗುರುತುಗಳೆಲ್ಲ ಎಂಜಿನ್ ಕೆಳಗಿನ ತಗಡಿನ ಮೇಲಿವೆ, ಡಿಫರೆನ್ಷಿಯಲ್ ಮೇಲೆ ಏನೂ ಇಲ್ಲ. ವೇ ಬ್ರಿಡ್ಜ್‌ನಲ್ಲಿ ತೂಗಿಸಿದಾಗ ದಿನನಿತ್ಯದ ಹೊರೆ 120 ಕಿಲೋ ಆಸುಪಾಸು ಬಂದಿತು. ಹಿಂದಿನ ಕಟ್ಟನ್ನು ಮುಟ್ಟದೆ, ಮುಂದೆ ಬಾರ್ ರಹಿತ ಕಾಯಿಲ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿಯ ಬೆಲೆ ಕೇಳಿದ್ದೇನೆ. ಆರ್‌.ಟಿ.ಒ. ಕಚೇರಿಯ ಉತ್ತರ ಸಿಕ್ಕಿದ ಮೇಲೆ ಮುಂಗಡ ಕೊಡುತ್ತೇನೆ. ಮುಂದಿನ ಶಾಕ್ ಬದಲಿಸಿದರೆ ಹಿಂದಿನವನ್ನೂ ಬದಲಿಸಲೇಬೇಕೇ?

ಉತ್ತರ: ಅಲೈನ್‌ಮೆಂಟ್_ಕೆಲಸ, ಹಾಸನ

ಎಣ್ಣೆ ಸೋರದೆ, ದಿಬ್ಬ ಹಾರಿದ ಮೇಲೆ ಗಾಡಿ ಒಂದೇ ಸಲಕ್ಕೆ ನೆಲೆಗೊಳ್ಳುತ್ತಿದ್ದರೆ ಬೇಡ. ಲೀಫ್ ಹಳೆಯದೇ ಇರುವಾಗ ಅದಕ್ಕೆ ಹೊಂದುವ ಹಳೆಯ ಶಾಕ್ ಸಾಕು. ಗಡಸು ಲೀಫ್‌ಗೆಂದು ಮಾಡಿದ ಶಾಕ್ ತಂದು ಮೆದು ಲೀಫ್‌ಗೆ ಹಾಕಿದರೆ ಸ್ಪ್ರಿಂಗ್ ಮರಳಿ ಬಿಚ್ಚಿಕೊಳ್ಳುವುದೇ ತಡವಾಗಿ, ಸಾಲು ಗುಂಡಿಗಳಲ್ಲಿ ಹಿಂಭಾಗ ಹಂತಹಂತವಾಗಿ ಕುಗ್ಗುತ್ತಾ ಹೋಗುತ್ತದೆ.