ಹಡಗಿನ ಡಾಕ್ಟರನ್ನು ಕೇಳಿ: ಬಾರ್ಸಿಲೋನಾದಿಂದ ಫ್ಲೋರಿಡಾಕ್ಕೆ ಹದಿನಾಲ್ಕು ರಾತ್ರಿ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ನಮ್ಮ ಗುಂಪಿನ ಹನ್ನೆರಡು ಮನೆಯವರು ಬಾರ್ಸಿಲೋನಾದಿಂದ ಫೋರ್ಟ್ ಲಾಡರ್‌ಡೇಲ್‌ಗೆ ಹಡಗಿನಲ್ಲಿ ಹೊರಟಿದ್ದಾರೆ. ಬೇಸಿಗೆ ಮುಗಿದು ಮೆಡಿಟರೇನಿಯನ್‌ನಿಂದ ಕೆರಿಬಿಯನ್ ಕಡೆ ಹೋಗುವ ಹಡಗು, ಅದಕ್ಕೇ ಟಿಕೆಟ್ ಅಗ್ಗ. ಮದೀರಾ ದ್ವೀಪದ ಫುಂಚಾಲ್ ಬಿಟ್ಟ ಮೇಲೆ ಏಳು ದಿನ ನೆಲ ಕಾಣುವುದಿಲ್ಲ. ಹಡಗುಗಳಲ್ಲಿ ಹನ್ನೊಂದು ವರ್ಷ ಡಾಕ್ಟರ್ ಆಗಿದ್ದು ಈಗ ಕುಂದಾಪುರದಲ್ಲಿರುವ ನಮ್ಮ ಸದಸ್ಯೆ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಜಯನಗರದಿಂದ: ಡಾಕ್ಟ್ರಮ್ಮಾ, ನನಗೆ ಚಾರ್ಮಾಡಿ ಘಾಟಿಯಲ್ಲೇ ವಾಂತಿ ಆಗುತ್ತೆ. ಹಡಗಿಗೆ ಯಾವ ಮಾತ್ರೆ ತಗೊಳ್ಳಲಿ?

ಡಾಕ್ಟರ್: ಬೇರೆ ಕಾಯಿಲೆ ಇಲ್ಲದ ದೊಡ್ಡವರಿಗೆ ಮೆಕ್ಲಿಜಿನ್ 25 ಮಿಲಿಗ್ರಾಂ, ಇಲ್ಲವೇ ಅವೊಮಿನ್. ಅಲುಗಾಟ ಶುರುವಾಗುವ ಒಂದೆರಡು ಗಂಟೆ ಮೊದಲೇ ನುಂಗಬೇಕು. ವಾಂತಿ ಹತ್ತಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿದ್ದೆ ಬರುತ್ತೆ, ಜತೆಗೆ ಮದ್ಯ ಬೇಡ. ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರು, ಬಸುರಿಯರು ತಾವಾಗಿಯೇ ತಗೊಳ್ಳಬಾರದು. ಕ್ಯಾಬಿನ್ ಇನ್ನೂ ಆರಿಸಿಲ್ಲವಾದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ತಗೊಳ್ಳಿ. ಉಯ್ಯಾಲೆಯ ಹಾಗೆ, ನಡುವೆ ಅಲುಗಾಟ ಕಡಿಮೆ. ತಲೆ ಸುತ್ತಿದಾಗ ಮೊಬೈಲ್ ಒಳಗಿಟ್ಟು ಹೊರಗೆ ಬಂದು ದಿಗಂತ ನೋಡಿ. ಎರಡು ಮೂರು ದಿನದಲ್ಲಿ ಮೈ ಒಗ್ಗಿಕೊಳ್ಳುತ್ತೆ.

ಧಾರವಾಡ ಮಾಸ್ತರು: ನಾನು ರಾತ್ರಿ ಇನ್ಸುಲಿನ್ ತಗೊಳ್ಳುವವನು ರೀ. ಹಡಗಿನಲ್ಲಿ ಟೈಮ್ ಬದಲಾಗುತ್ತೆ ಅಂತಾರೆ. ಹೆಂಗ್ ಮಾಡೋದು?

ಡಾಕ್ಟರ್: ಮಾಸ್ತರೇ, ಪಶ್ಚಿಮಕ್ಕೆ ಹೋಗುವುದರಿಂದ ನಿಮಗೆ ಇದು ಸುಲಭ. ಸ್ಪೇನ್‌ಗೂ ಫ್ಲೋರಿಡಾಕ್ಕೂ ಆರು ಗಂಟೆ ವ್ಯತ್ಯಾಸ. ವಿಮಾನದಲ್ಲಾದರೆ ಒಂದೇ ದಿನದಲ್ಲಿ ಆರು ಗಂಟೆ ಜಿಗಿತ. ಹಡಗಿನಲ್ಲಿ ಒಂದೊಂದೇ ಗಂಟೆ ಗಡಿಯಾರ ಹಿಂದೆ ಹಾಕುತ್ತಾರೆ, ಆರು ದಿನ ನಿಮಗೆ 25 ಗಂಟೆಯ ದಿನ ಸಿಗುತ್ತೆ. ದಿನಕ್ಕೊಮ್ಮೆ ಹಾಕುವ ಇನ್ಸುಲಿನ್ ಒಂದು ಗಂಟೆ ತಡವಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಡಗಿನ ಗಡಿಯಾರ ನೋಡಿ ಹಾಕಿಕೊಳ್ಳಿ. ಮೊಬೈಲ್ ನಂಬಬೇಡಿ, ನಡುಗಡಲಲ್ಲಿ ಅದು ತಪ್ಪು ಸಮಯ ತೋರಿಸಬಹುದು. ಕೈಗಡಿಯಾರ ತನ್ನಿ. ಹೊರಡುವ ಮೊದಲು ನಿಮ್ಮ ಡಾಕ್ಟರಿಗೂ ಒಮ್ಮೆ ತಿಳಿಸಿ.

ಇನ್ನೊಂದು ಮಾತು, ಎಲ್ಲರಿಗೂ. ಬಂದರಿನಲ್ಲಿ ಕೊಟ್ಟ ದೊಡ್ಡ ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವಾಗ ಸಂಜೆಯಾಗಬಹುದು. ಔಷಧಿ ಎಲ್ಲಾ ಕೈಚೀಲದಲ್ಲೇ ಇರಲಿ, ಚೀಟಿ ಸಮೇತ. ಹದಿನಾಲ್ಕು ದಿನಕ್ಕೆ ಇಪ್ಪತ್ತೆರಡು ದಿನದಷ್ಟು ತನ್ನಿ. ಕ್ಯಾಬಿನ್‌ನ ಚಿಕ್ಕ ಫ್ರಿಜ್ ಎಷ್ಟೋ ಸಲ ಬರೀ ತಂಪು ಪೆಟ್ಟಿಗೆ, ಇನ್ಸುಲಿನ್‌ಗೆ ಸಾಲದು. ಹತ್ತಿದ ದಿನವೇ ಔಷಧಿಗೆ ಬೇರೆ ಫ್ರಿಜ್ ಕೇಳಿ.

ಮೇಲುಕೋಟೆಯವರು: ಟೈಮ್ ವಿಷಯ ಬಂತು ಅಂತ ಕೇಳುತ್ತೇನೆ. ಸಂಧ್ಯಾವಂದನೆ ಹಡಗಿನ ಗಡಿಯಾರಕ್ಕೋ, ಸೂರ್ಯನಿಗೋ? ನಡುವೆ ಏಕಾದಶಿ ಬಂದರೆ ಯಾವ ಊರಿನ ಪಂಚಾಂಗ?

ಹೂಸ್ಟನ್‌ನಿಂದ: ಸೂರ್ಯ ಕಣ್ಣೆದುರೇ ಇರುವಾಗ ಗಡಿಯಾರ ಯಾಕೆ ಸ್ವಾಮೀ?

ಮೇಲುಕೋಟೆಯವರು: ಮೋಡ ಇದ್ದರೆ?

ರಾಜಾಜಿನಗರದ ಅಕ್ಕ: ಡಾಕ್ಟರ್, ನಾನು ಚಿಕ್ಕ ರೈಸ್ ಕುಕ್ಕರ್ ತರುತ್ತಿದ್ದೇನೆ. ನಮ್ಮವರಿಗೆ ಹದಿನಾಲ್ಕು ದಿನ ಅನ್ನ ಸಾರು ಇಲ್ಲದೆ ಆಗುವುದಿಲ್ಲ. ಉಪ್ಪಿನಕಾಯಿ, ಚಟ್ನಿಪುಡಿನೂ ಇದೆ.

ಹಡಗಿನ ಅಡುಗೆಮನೆಯಿಂದ, ಮಂಗಳೂರು: ಅಕ್ಕಾ, ಕುಕ್ಕರ್ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಕೆಟಲ್, ಇಸ್ತ್ರಿಪೆಟ್ಟಿಗೆ ಕೂಡ ಹಾಗೇ. ನಾನು ಒಂಬತ್ತು ವರ್ಷದಿಂದ ಹಡಗಿನ ಅಡುಗೆಮನೆಯಲ್ಲಿದ್ದೇನೆ. ಊಟದ ಹಾಲ್‌ನ ಮೇಲ್ವಿಚಾರಕರಿಗೆ ಮೊದಲ ರಾತ್ರಿಯೇ ಹೇಳಿ. ಒಂದು ದಿನ ಮುಂಚೆ ಹೇಳಿದರೆ ಅನ್ನ, ಬೇಳೆ, ಪಲ್ಯ ಮಾಡಿಕೊಡುತ್ತೇವೆ. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದರೂ ಮಾಡುತ್ತೇವೆ. ಅಡುಗೆಮನೆಯಲ್ಲಿ ನಮ್ಮ ದೇಶದವರು ತುಂಬಾ ಜನ ಇರುತ್ತಾರೆ.

ರಾಜಾಜಿನಗರದ ಅಕ್ಕ: ನಮ್ಮ ನಾದಿನಿ ಹೋದ ವರ್ಷ ತಗೊಂಡು ಹೋಗಿದ್ದಳು. ಬಟ್ಟೆಯ ನಡುವೆ ಸುತ್ತಿಟ್ಟಿದ್ದಳು, ಯಾರೂ ಕೇಳಲಿಲ್ಲ.

ಹಡಗಿನ ಅಡುಗೆಮನೆಯಿಂದ, ಮಂಗಳೂರು: ಅದನ್ನು ಹೆಮ್ಮೆಯಿಂದ ಹೇಳಬೇಡಿ ಅಕ್ಕಾ. ನಡುಗಡಲಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ರಸ್ತೆ ಇಲ್ಲ. ಆರಿಸಲು ಹೋಗುವವರು ನಾವೇ. ನಮಗೂ ಊರಲ್ಲಿ ಮಕ್ಕಳಿದ್ದಾರೆ.

ರಾಜಾಜಿನಗರದ ಅಕ್ಕ: ಒಂದು ಪಾವು ಅನ್ನ ಮಾಡಿದರೆ ಹಡಗು ಸುಟ್ಟುಹೋಗುತ್ತಾ? ನಾನು ಡಾಕ್ಟರನ್ನು ಕೇಳಿದ್ದು.

ಡಾಕ್ಟರ್: ಅವರು ಹೇಳಿದ್ದೇ ನನ್ನ ಉತ್ತರ. ಕುಕ್ಕರ್ ಬೇಡ. ಅಂಗಡಿಯ ಸೀಲ್ ಇರುವ ಚಟ್ನಿಪುಡಿ ಸಾಮಾನ್ಯವಾಗಿ ಬಿಡುತ್ತಾರೆ. ಮನೆಯಲ್ಲಿ ಮಾಡಿದ್ದು ಬಿಡುವುದು ಕಷ್ಟ. ಹಡಗಿನ ಹಣ್ಣು ಕೈಯಲ್ಲಿ ಹಿಡಿದು ಫ್ಲೋರಿಡಾದಲ್ಲಿ ಇಳಿಯಬೇಡಿ, ದಂಡ ಬೀಳಬಹುದು.

ಮ್ಯೂನಿಕ್‌ನಿಂದ ಮಗಳು: ಡಾಕ್ಟ್ರೇ, ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದಾರೆ. ಅಣ್ಣ ಫ್ಲೋರಿಡಾದಲ್ಲಿ. ಅದಕ್ಕೇ ಈ ಹಡಗು. ಅಪ್ಪನಿಗೆ 74. ಜುಲೈನಲ್ಲಿ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ಇದೆ. ಪ್ರಾಸ್ಟೇಟ್‌ಗೆ ಟ್ಯಾಮ್‌ಸುಲೋಸಿನ್. ಕಣ್ಣಿಗೆ ಎರಡು ಥರ ಹನಿ. ಕಿವಿ ಹಿಂದೆ ಅಂಟಿಸುವ ವಾಂತಿ ಪ್ಯಾಚ್ ಒಳ್ಳೆಯದು ಅಂತ ಗುಂಪಲ್ಲಿ ಬಂದಿತ್ತು. ಅಣ್ಣ ಕಳಿಸಿದ್ದಾನೆ. ನಿನ್ನೆ ರಾತ್ರಿ ಒಂದು ಹಾಕಿ ನೋಡಿದೆವು, ಒಗ್ಗುತ್ತಾ ಅಂತ. ಬಾಯಿ ಒಣಗುತ್ತೆ ಅನ್ನುತ್ತಿದ್ದಾರೆ. ಪರವಾಗಿಲ್ಲ ಅಲ್ವಾ?

ಡಾಕ್ಟರ್: ಈಗಲೇ ತೆಗೆಯಿರಿ. ಮುಂದಿನದು ಆಮೇಲೆ ಓದಿ. ತೆಗೆದು, ಆ ಜಾಗವನ್ನೂ ನಿಮ್ಮ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ಆಮೇಲೆ ಮೂರು ವಿಷಯ ಬರೆಯಿರಿ: ಬೆಳಗಿನಿಂದ ಎಷ್ಟು ಸಲ ಮೂತ್ರಕ್ಕೆ ಹೋದರು, ಕಣ್ಣಿನ ಚೀಟಿಯಲ್ಲಿ ಏನಿದೆ, ಮಾತು ಸರಿ ಇದೆಯಾ.

ಜೆ.ಪಿ. ನಗರದಿಂದ: ಮೇಡಂ, ವಾಂತಿಗೆ ಯಾವ ಮಾತ್ರೆ ಒಳ್ಳೆಯದು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಮ್ಯೂನಿಕ್‌ನಿಂದ ಮಗಳು: ತೆಗೆದೆವು. ಬೆಳಗಿನಿಂದ ಒಂದೇ ಸಲ ಹೋಗಿದ್ದಾರೆ, ಅದೂ ಸ್ವಲ್ಪ. ಈಗ ಇಲ್ಲಿ ಮೂರೂವರೆ. ಚೀಟಿಯಲ್ಲಿ ಕಣ್ಣಿನ ಕೋನ ಕಿರಿದು ಅಂತ ಇದೆ. ಮಾತು ಸರಿ ಇದೆ. ಬೆಳಗ್ಗೆ ಮಾತ್ರ ನನ್ನನ್ನು ಅತ್ತೆ ಹೆಸರಲ್ಲಿ ಕರೆದರು. ನಿದ್ದೆಗಣ್ಣು ಅಂದುಕೊಂಡೆವು.

ಡಾಕ್ಟರ್: ತಂಗಿ, ಹೇಳಿದ್ದು ಒಳ್ಳೆಯದಾಯಿತು. ಆ ಪ್ಯಾಚ್‌ನಲ್ಲಿರುವುದು ಸ್ಕೊಪಾಲಮೈನ್. ಒಂದು ಪ್ಯಾಚ್ ಮೂರು ದಿನ ಚರ್ಮದ ಮೂಲಕ ಮದ್ದು ಬಿಡುತ್ತಲೇ ಇರುತ್ತೆ. ಗಟ್ಟಿಮುಟ್ಟಾದ ನಲವತ್ತರವರಿಗೆ ಒಳ್ಳೆಯ ಔಷಧಿ. ನಿಮ್ಮ ಅಪ್ಪನಿಗೆ ಮೂರು ಕಾರಣಕ್ಕೆ ಕೂಡದು. ಅದು ಮೂತ್ರಚೀಲ ಹಿಂಡಿ ಮೂತ್ರ ಹೊರಹಾಕುವ ಶಕ್ತಿ ಕುಗ್ಗಿಸುತ್ತೆ. ಮೊದಲೇ ಪ್ರಾಸ್ಟೇಟ್ ದಾರಿ ಒತ್ತಿರುವಾಗ ಮೂತ್ರ ಪೂರ್ತಿ ನಿಂತುಹೋಗಬಹುದು. ಅದು ಕಣ್ಣಿನ ಪಾಪೆ ಹಿಗ್ಗಿಸುತ್ತೆ. ಕೋನ ಕಿರಿದಾದ ಕಣ್ಣಿನಲ್ಲಿ ನೀರು ಹರಿಯುವ ದಾರಿ ಮುಚ್ಚಿ ಒತ್ತಡ ಒಮ್ಮೆಲೇ ಏರಬಹುದು. ವಯಸ್ಸಾದವರ ಬುದ್ಧಿಯನ್ನೂ ಅದು ಕಲಕುತ್ತೆ. ಅತ್ತೆ ಹೆಸರಲ್ಲಿ ಕರೆದರಲ್ಲ, ಅದನ್ನು ನಾನು ನಿದ್ದೆಗಣ್ಣು ಅನ್ನುವುದಿಲ್ಲ.

ತೆಗೆದ ಮೇಲೂ ಚರ್ಮದೊಳಗಿನ ಮದ್ದು ಕೆಲವು ಗಂಟೆ ಕೆಲಸ ಮಾಡುತ್ತೆ. ಈಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಸಂಜೆಯೊಳಗೆ ಸರಿಯಾಗಿ ಮೂತ್ರ ಆಗದಿದ್ದರೆ, ಕೆಳಹೊಟ್ಟೆ ಬಿಗಿದರೆ, ಕಣ್ಣು ಕೆಂಪಾಗಿ ನೋವು ಬಂದರೆ, ದೀಪದ ಸುತ್ತ ಬಳೆಯ ಹಾಗೆ ಬಣ್ಣ ಕಂಡರೆ, ಮಾತು ತಪ್ಪಿದರೆ ಕಾಯಬೇಡಿ. 112. ತೆಗೆದ ಪ್ಯಾಚ್ ಪೊಟ್ಟಣ ಜತೆಗೆ ಒಯ್ಯಿರಿ.

ಯಾಕೆ ಇಷ್ಟು ಗಾಬರಿ ಅಂತ ಹೇಳುತ್ತೇನೆ. ಇದೇ ದಾರಿ, ಫುಂಚಾಲ್ ಬಿಟ್ಟ ನಾಲ್ಕನೇ ರಾತ್ರಿ. ಎಪ್ಪತ್ತು ದಾಟಿದ ಒಬ್ಬರನ್ನು ಹೆಂಡತಿ ಕೈಹಿಡಿದು ಕರೆತಂದರು. ರಾತ್ರಿ ಎರಡಕ್ಕೆ ಕಾರಿಡಾರಿನಲ್ಲಿ ತಮ್ಮ ಹಳೇ ಮನೆಯ ಮೆಟ್ಟಿಲು ಹುಡುಕುತ್ತಿದ್ದರಂತೆ. ಮಾತು ತೊದಲು. ಟಾರ್ಚ್ ಬಿಟ್ಟು ನೋಡಿದೆ. ಎಡಗಣ್ಣಿನ ಪಾಪೆ ಅಗಲ, ಬೆಳಕಿಗೆ ಕುಗ್ಗುತ್ತಿಲ್ಲ. ಬಲಗಣ್ಣು ಸರಿ. ಒಂದೇ ಪಾಪೆ ಹಿಗ್ಗಿದರೆ ನಮಗೆ ಮೊದಲು ಹೊಳೆಯುವುದು ಮೆದುಳಿನಲ್ಲಿ ರಕ್ತ. ನಮ್ಮ ಹಡಗಿನ ಆಸ್ಪತ್ರೆಯಲ್ಲಿ ಇಸಿಜಿ, ಎಕ್ಸ್‌ರೇ, ಸಣ್ಣ ಲ್ಯಾಬ್ ಇತ್ತು. ಸಿಟಿ ಸ್ಕ್ಯಾನ್ ಇರಲಿಲ್ಲ. ಹಿಂದೆ ಅಝೋರ್ಸ್, ಮುಂದೆ ಬರ್ಮುಡಾ, ಎರಡೂ ಎರಡು ದಿನದ ದೂರ. ಅಲ್ಲಿಗೆ ಹೆಲಿಕಾಪ್ಟರ್ ಬರುವುದಿಲ್ಲ, ಹೋಗಿ ಬರುವಷ್ಟು ಇಂಧನ ಅದಕ್ಕೆ ಸಾಲದು. ಕ್ಯಾಪ್ಟನ್‌ರನ್ನು ಎಬ್ಬಿಸಿದೆ. ಹಡಗನ್ನು ಯಾವ ಕಡೆ ತಿರುಗಿಸುವುದು ಅಂತ ನಕ್ಷೆ ನೋಡುತ್ತಿದ್ದೆವು. ಅಷ್ಟರಲ್ಲಿ ನರ್ಸ್ ದಿಂಬು ಸರಿಮಾಡಲು ಅವರ ಕೂದಲು ಸರಿಸಿದಳು. ಕಿವಿ ಹಿಂದೆ ಪ್ಯಾಚ್. ಇನ್ನೊಂದು ಕಿವಿ ಹಿಂದೆಯೂ ಒಂದು! ಹಳೆಯದನ್ನು ತೆಗೆಯದೆ ಹೊಸದು ಅಂಟಿಸಿದ್ದರು. ಬೆರಳಿಗೆ ಹತ್ತಿದ ಮದ್ದಿನಿಂದಲೇ ಎಡಗಣ್ಣು ಉಜ್ಜಿಕೊಂಡಿದ್ದರು. ಎರಡನ್ನೂ ತೆಗೆದು ಟ್ಯೂಬ್ ಹಾಕಿದೆವು, 900 ಮಿಲಿಲೀಟರ್ ಮೂತ್ರ ಬಂತು. ಮಾರನೇ ಸಂಜೆ ಹೊತ್ತಿಗೆ ಹೆಂಡತಿಯ ಹೆಸರು ಹಿಡಿದು ಕರೆದರು. ಆ ರಾತ್ರಿಯ ನಂತರ ಯಾರೇ ಗೊಂದಲದಲ್ಲಿ ಬಂದರೂ ನಾನು ಮೊದಲು ಕಿವಿ ಹಿಂದೆ ನೋಡುತ್ತಿದ್ದೆ.

ನಿಮ್ಮ ಅಪ್ಪನಿಗೆ ಮೆಕ್ಲಿಜಿನ್, ಅವೊಮಿನ್ ಕೂಡ ಸುಮ್ನೆ ಕೊಡಬೇಡಿ. ಅವೂ ಅದೇ ದಾರಿಯವು, ಸ್ವಲ್ಪ ಮೆದು ಅಷ್ಟೇ. ನಡುಭಾಗದ ಕ್ಯಾಬಿನ್, ಸ್ವಲ್ಪ ಸ್ವಲ್ಪ ಊಟ, ಶುಂಠಿ, ಹೊರಗಿನ ಗಾಳಿ. ಸಾಲದಿದ್ದರೆ ಹಡಗಿನ ಡಾಕ್ಟರ್ ಹತ್ತಿರ ಹೋಗಿ. ಸ್ಟೆಂಟ್ ಹಾಕಿ ನಾಲ್ಕೇ ತಿಂಗಳು, ಏಳು ದಿನ ನೆಲವಿಲ್ಲದ ದಾರಿ. ಹೃದಯದ ಡಾಕ್ಟರ್ ಹೂಂ ಅಂದಿದ್ದಾರಾ? ಬರಹದಲ್ಲಿ ಇಸಿದುಕೊಳ್ಳಿ. ಇನ್ಶೂರೆನ್ಸ್‌ನವರಿಗೆ ಸ್ಟೆಂಟ್ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದ ದಿನ ದುಡ್ಡು ಬರುವುದಿಲ್ಲ.

ಶಿರಸಿಯಿಂದ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ: "ದುಬಾರಿ ಪ್ಯಾಚ್‌ನಲ್ಲಿ ಇರುವುದು ನಮ್ಮ ಉಮ್ಮತ್ತಿ ಗಿಡದ ಸತ್ವವೇ. ಎರಡು ಎಲೆ ಅರೆದು ಕಿವಿ ಹಿಂದೆ ಹಚ್ಚಿ. ಹೊಕ್ಕುಳಿಗೂ ಹಚ್ಚಿ ಪ್ಲಾಸ್ಟರ್ ಹಾಕಿ. ಹತ್ತು ಜನರಿಗೆ ಕಳಿಸಿ."

ಡಾಕ್ಟರ್: ಇದನ್ನು ಅಳಿಸಿ. ಮೊದಲ ವಾಕ್ಯ ನಿಜ, ಉಮ್ಮತ್ತಿಯಲ್ಲಿ ಸ್ಕೊಪಾಲಮೈನ್ ಇದೆ. ಅದಕ್ಕೇ ಉಳಿದದ್ದು ಜೀವ ತೆಗೆಯುತ್ತೆ. ಪ್ಯಾಚ್‌ನಲ್ಲಿ ಮೂರು ದಿನಕ್ಕೆ ಒಂದು ಮಿಲಿಗ್ರಾಂ ಅಂತ ಅಳತೆ ಇದೆ. ಎಲೆಯಲ್ಲಿ ಎಷ್ಟಿದೆ ಅಂತ ಯಾರಿಗೆ ಗೊತ್ತು? ಗಿಡದಿಂದ ಗಿಡಕ್ಕೆ ಬೇರೆ. ಜತೆಗೆ ಅಟ್ರೋಪಿನ್ ಕೂಡ ಇದೆ. ಉಮ್ಮತ್ತಿ ಬೀಜ ತಿಂದ ಮಕ್ಕಳನ್ನು ನಮ್ಮ ತಾಲ್ಲೂಕು ಆಸ್ಪತ್ರೆಗೆ ತಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಶಿರಸಿಯಿಂದ: ನಮ್ಮ ಹಿರಿಯರು ಔಷಧಿಗೆ ಬಳಸುತ್ತಿದ್ದರು. ಇಂಗ್ಲಿಷ್ ಔಷಧಿಯಿಂದಲೇ ಈಗಷ್ಟೇ ಒಬ್ಬರಿಗೆ ತೊಂದರೆ ಆಯಿತಲ್ಲ?

ಹೂಸ್ಟನ್‌ನಿಂದ: ತೊಂದರೆ ಆಗಿದ್ದು ಫಾರ್ವರ್ಡ್ ನಂಬಿದ್ದಕ್ಕೆ. ಅದನ್ನೂ ಕಳಿಸಿದ್ದು ನೀವೇ ಅಲ್ವಾ?

ಶಿರಸಿಯಿಂದ: ನಾನು ಒಳ್ಳೆಯದಕ್ಕೆ ಕಳಿಸಿದ್ದು. ಅಮೆರಿಕಾದಲ್ಲಿ ಕೂತು ನಮಗೆ ಗಿಡದ ಪಾಠ ಬೇಡ.

ಹಾಸನದಿಂದ: ಇಬ್ಬರೂ ನಿಲ್ಲಿಸಿ. ಮ್ಯೂನಿಕ್‌ನಲ್ಲಿ ಒಬ್ಬರ ಅಪ್ಪನಿಗೆ ಹುಷಾರಿಲ್ಲ.

ಡಾಕ್ಟರ್: ಹಿರಿಯ ವೈದ್ಯರು ಉಮ್ಮತ್ತಿಯನ್ನು ಶುದ್ಧಿ ಮಾಡಿ, ತೂಕ ಹಾಕಿ, ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಕೊಡುತ್ತಿದ್ದರು. ಹತ್ತು ಜನರಿಗೆ ಕಳಿಸಿ ಅನ್ನುತ್ತಿರಲಿಲ್ಲ. ನಿರ್ವಾಹಕರೇ, ಅದನ್ನು ತೆಗೆಯಿರಿ, ಇಲ್ಲದಿದ್ದರೆ ನಾನು ಬರೆಯುವುದನ್ನು ನಿಲ್ಲಿಸುತ್ತೇನೆ.

ನಿರ್ವಾಹಕರು: ತೆಗೆದಿದ್ದೇನೆ. ಓದಿದವರಿಗೆ ತಿಳಿಯಲಿ ಅಂತ ಡಾಕ್ಟರ್ ಉತ್ತರದ ಜತೆ ಇಲ್ಲಿ ಮಾತ್ರ ಉಳಿಸಿದ್ದೇನೆ. ಬೇರೆಲ್ಲೂ ಕಳಿಸಬೇಡಿ.

ದಾವಣಗೆರೆಯಿಂದ: ಹಡಗಿನಲ್ಲಿ ವಾಂತಿ ಭೇದಿ ಹರಡಿತು ಅಂತ ಸುದ್ದಿ ಬರುತ್ತಲ್ಲ. ನಾನು ಸ್ಯಾನಿಟೈಸರ್ ನಾಲ್ಕು ಬಾಟಲಿ ತಗೊಂಡಿದ್ದೇನೆ. ಸಾಕಾ?

ಡಾಕ್ಟರ್: ಸಾಲದು. ಅದು ನೊರೊವೈರಸ್. ಸ್ಯಾನಿಟೈಸರ್‌ಗೆ ಅದು ಸರಿಯಾಗಿ ಸಾಯುವುದಿಲ್ಲ. ಸೋಪು, ನೀರು, ಇಪ್ಪತ್ತು ಸೆಕೆಂಡ್, ಪ್ರತಿ ಊಟಕ್ಕೆ ಮೊದಲು. ಬಫೆಯಲ್ಲಿ ಎಲ್ಲರೂ ಹಿಡಿಯುವ ಸೌಟು ಹಿಡಿದ ಮೇಲೂ. ವಾಂತಿ ಭೇದಿ ಎರಡೂ ಶುರುವಾದರೆ ಕ್ಯಾಬಿನ್‌ನಿಂದಲೇ ಫೋನ್ ಮಾಡಿ. ಕೂಡಿಹಾಕುತ್ತಾರೆ ಅಂತ ಹೆದರಿ ಮುಚ್ಚಿಟ್ಟುಕೊಂಡು ಊಟದ ಹಾಲ್‌ಗೆ ಬರುವವರಿಂದಲೇ ಅದು ಹರಡುವುದು. ಒಂದರಿಂದ ಮೂರು ದಿನದಲ್ಲಿ ತಾನೇ ಇಳಿಯುತ್ತೆ. ನಿಂತ ಮೇಲೂ 48 ಗಂಟೆ ಕೋಣೆಯಲ್ಲೇ ಇರಬೇಕಾಗಬಹುದು. ಓಆರ್‌ಎಸ್ ಪೊಟ್ಟಣ ತನ್ನಿ.

ರಾಜಾಜಿನಗರದ ಅಕ್ಕ: ನೋಡಿ, ಇದಕ್ಕೇ ನಾನು ಸ್ವಂತ ಅನ್ನ ಮಾಡಿಕೊಳ್ಳುತ್ತೇನೆ ಅಂದಿದ್ದು.

ಡಾಕ್ಟರ್: ಕುಕ್ಕರ್ ಬೇಡ ಅಂದಿದ್ದೇನೆ.

ಮಂಡ್ಯದಿಂದ: ಹಡಗಿನ ನಲ್ಲಿ ನೀರು ಕುಡಿಯಬಹುದಾ? ಸಮುದ್ರದ ನೀರಂತೆ.

ಡಾಕ್ಟರ್: ಕುಡಿಯಬಹುದು. ಉಪ್ಪು ತೆಗೆದು, ಕ್ಲೋರಿನ್ ಹಾಕಿರುತ್ತಾರೆ.

ಬಸವನಗುಡಿಯಿಂದ: ಹಡಗು ಹೊರಡುವ ಮುಂಚೆ ಏನೋ ಡ್ರಿಲ್ ಇರುತ್ತಂತೆ. ಮೊಣಕಾಲು ನೋವು, ತಪ್ಪಿಸಬಹುದಾ?

ಡಾಕ್ಟರ್: ತಪ್ಪಿಸಬೇಡಿ. ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸುವ ತಾಲೀಮು ಅದು. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ, ಅದೇ ಸಂಜೆ ಹತ್ತಿದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. 32 ಜನ ಸತ್ತರು. ಆಮೇಲೆ ಹೊರಡುವ ಮೊದಲು, ಇಲ್ಲವೇ ಹೊರಟ ತಕ್ಷಣ ಡ್ರಿಲ್ ಮಾಡಬೇಕು ಅಂತ ನಿಯಮ ಬಂತು. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ನಿಮ್ಮ ಜಾಗ ಯಾವುದು ಅಂತ ಗೊತ್ತಿರಬೇಕು. ಮೊಣಕಾಲಿನ ವಿಷಯ ಸಿಬ್ಬಂದಿಗೆ ಮೊದಲೇ ಹೇಳಿ. ಆಗ ಲಿಫ್ಟ್ ನಡೆಯುವುದಿಲ್ಲ, ಕರೆದೊಯ್ಯಲು ಜನ ಬೇಕಾಗುತ್ತೆ.

ವಿಜಯನಗರದಿಂದ: ವೈಫೈಗೆ ದಿನಕ್ಕೆ ಎಷ್ಟು?

ಮೇಲುಕೋಟೆಯವರು: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ತುಮಕೂರಿನಿಂದ: ವಾಂತಿಗೆ ನಿಂಬೆಹಣ್ಣು ಮೂಸಿದರೆ ಸಾಕು ಅಂತ ನಮ್ಮ ಅತ್ತಿಗೆ...

ಡಾಕ್ಟರ್: ಮೂಸಿ. ಅದರಿಂದ ಅಪಾಯ ಇಲ್ಲ. ಮ್ಯೂನಿಕ್ ತಂಗಿ, ಏನಾಯಿತು? ಒಂದೂವರೆ ಗಂಟೆಯಾಯಿತು.

ಹೂಸ್ಟನ್‌ನಿಂದ: ಶಿರಸಿಯವರು ಒಂದು ಕ್ಷಮೆ ಕೇಳಬಹುದಿತ್ತು.

ಶಿರಸಿಯಿಂದ: ಗುಂಪು ಬಿಡುತ್ತಿದ್ದೇನೆ.

ಮ್ಯೂನಿಕ್‌ನಿಂದ ಮಗಳು: ಡಾಕ್ಟ್ರೇ, ಇಲ್ಲಿನ ಡಾಕ್ಟರ್ ತಕ್ಷಣ ಕರೆದುಕೊಂಡು ಬನ್ನಿ ಅಂದರು. ಆಸ್ಪತ್ರೆಯಲ್ಲಿದ್ದೇವೆ. ಕಣ್ಣಿನ ಒತ್ತಡ ನೋಡಿದರು, ಏರಿಲ್ಲ. ಮೂತ್ರ ಹಾಗೇ ತುಂಬಿಕೊಂಡಿತ್ತು, ಟ್ಯೂಬ್ ಹಾಕಿದ್ದಾರೆ. ಈಗ ಆರಾಮಾಗಿ ಮಲಗಿದ್ದಾರೆ. ನನ್ನ ಹೆಸರು ಸರಿಯಾಗಿ ಹೇಳಿದರು. ಮನೆಯಲ್ಲಿ ಇನ್ನೂ ಮೂರು ಪ್ಯಾಚ್ ಇವೆ, ಏನು ಮಾಡಲಿ?

ಡಾಕ್ಟರ್: ಸದ್ಯ! ಆ ಮೂರನ್ನೂ ಹತ್ತಿರದ ಔಷಧಿ ಅಂಗಡಿಗೆ ಕೊಟ್ಟು ಹೇಗೆ ಎಸೆಯಬೇಕು ಅಂತ ಕೇಳಿ. ಇವತ್ತು ತೆಗೆದದ್ದನ್ನು ಅಂಟು ಒಳಗೆ ಬರುವ ಹಾಗೆ ಮಡಚಿಡಿ, ಮಕ್ಕಳು ಯಾರೂ ಮುಟ್ಟಬಾರದು. ಟ್ಯೂಬ್ ಯಾವಾಗ ತೆಗೆಯುತ್ತಾರೆ, ಹಡಗು ಹತ್ತಬಹುದಾ ಅಂತ ಕೇಳಿಕೊಂಡು ನನಗೆ ಬೇರೆಯಾಗಿ ಬರೆಯಿರಿ. ಅಮ್ಮ ಊಟ ಮಾಡಿದರಾ?

ಮ್ಯೂನಿಕ್‌ನಿಂದ ಮಗಳು: ಇನ್ನೂ ಇಲ್ಲ. ಈಗ ಕರೆದುಕೊಂಡು ಹೋಗುತ್ತೇನೆ.

ಯಲಹಂಕದಿಂದ: ಈಗ ಸೇರಿದೆ, ಎಲ್ಲರಿಗೂ ನಮಸ್ಕಾರ. ಹಡಗಿನಲ್ಲಿ ವಾಂತಿ ಆಗದ ಹಾಗೆ ಯಾವ ಮಾತ್ರೆ ತಗೊಳ್ಳಬೇಕು?